ಆಲೂಗಡ್ಡೆಯ ಬಿತ್ತನೆ ಬೀಜ: ಪ್ರಮಾಣಪತ್ರದ ಚೀಟಿ ಹೇಳುವುದೇನು?

ಭತ್ತ, ರಾಗಿ, ಜೋಳಗಳನ್ನು ಕಾಳಿನಿಂದ ಬಿತ್ತುತ್ತೇವೆ. ಆಲೂಗಡ್ಡೆಯನ್ನಾದರೋ ಗಡ್ಡೆಯಿಂದಲೇ ಬೆಳೆಯುವುದು ರೂಢಿ. ಗಡ್ಡೆಯು ತಾಯಿಗಿಡದ ಕಾಂಡದ ಒಂದು ಭಾಗವೇ ಆಗಿರುವುದರಿಂದ, ತಾಯಿಗಿಡಕ್ಕೆ ತಗುಲಿದ ರೋಗವು ಅದರೊಡನೆ ಹೊಸ ಬೆಳೆಗೂ ಬರುತ್ತದೆ. ನಂಜುರೋಗ ತಗುಲಿದ ಗಡ್ಡೆ ಸಾಮಾನ್ಯವಾಗಿ ಹೊರನೋಟಕ್ಕೆ ಆರೋಗ್ಯವಾದ ಗಡ್ಡೆಯಂತೆಯೇ ಕಾಣುತ್ತದೆ. ಆದುದರಿಂದ ಚೀಲ ಬಿಚ್ಚಿ ನೋಡಿದ ಮಾತ್ರಕ್ಕೆ ಬೀಜದ ಗುಣ ತಿಳಿಯದು. ಅದನ್ನು ಬೆಳೆದ ಹೊಲದಲ್ಲಿಯೇ ಪರೀಕ್ಷಿಸಬೇಕು. ಬೀಜ ಪ್ರಮಾಣೀಕರಣದ ಮೂಲತತ್ತ್ವ ಇದೇ ಆಗಿದೆ.

ಉತ್ತರದ ಬೀಜವೇ ಏಕೆ?

ಹಾಸನ ಜಿಲ್ಲೆಯಲ್ಲಿ ಮುಂಗಾರಿನ ಆರಂಭದಲ್ಲಿ, ಅಂದರೆ ಮೇ–ಜೂನ್ ತಿಂಗಳುಗಳಲ್ಲಿ ಆಲೂಗಡ್ಡೆ ನಾಟಿಯಾಗುತ್ತದೆ. ಹೈದರಾಬಾದಿನ ಪಶ್ಚಿಮಕ್ಕೆ, ಬೀದರ್ ಜಿಲ್ಲೆಗೆ ಹೊಂದಿಕೊಂಡಿರುವ ಜಹೀರಾಬಾದ್ ಸೀಮೆಯಲ್ಲಿ ಇದು ಹಿಂಗಾರಿನ ಬೆಳೆ. ಕಾಲ ಬೇರೆಯಾದರೂ ಎರಡೂ ಕಡೆಯ ರೈತರು ಬೀಜಕ್ಕಾಗಿ ಬಹುಮಟ್ಟಿಗೆ ಉತ್ತರದ ರಾಜ್ಯಗಳನ್ನೇ ಅವಲಂಬಿಸಿದ್ದಾರೆ. ಹಾಸನಕ್ಕೆ ಪಂಜಾಬಿನ ಜಲಂಧರ್ ಕಡೆಯಿಂದ ಗಡ್ಡೆ ಬರುವುದು ಬಹುಕಾಲದ ವಾಡಿಕೆ.

ಇದಕ್ಕೆ ಕಾರಣ ಸಸ್ಯಹೇನು. ಎಲೆಯ ರಸ ಹೀರುವ ಈ ಸಣ್ಣ ಕೀಟವು ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಉತ್ತರದ ಬಯಲು ಸೀಮೆಯಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಇದರ ಹಾವಳಿ ತೀರ ಕಡಿಮೆ. ಈ ಅವಧಿಯನ್ನು ಬಳಸಿಕೊಂಡು ಬೀಜದ ಬೆಳೆ ತೆಗೆಯುವ ವಿಧಾನವನ್ನು ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ರೂಪಿಸಿತು. 1949ರಲ್ಲಿ ಪಾಟ್ನಾದಲ್ಲಿ ಆರಂಭವಾದ ಈ ಸಂಸ್ಥೆ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡಿತು. ನೂರು ಎಲೆಗಳಿಗೆ 20 ಸಸ್ಯಹೇನುಗಳು ಎಂಬ ಮಿತಿ ತಲಪುವ ಮುನ್ನವೇ ಗಿಡದ ಹಸಿರು ಭಾಗವನ್ನು ಕತ್ತರಿಸಿಬಿಡುವುದು ಈ ವಿಧಾನದ ಮುಖ್ಯ ನಿಯಮ. ಇದರಿಂದ ಎಲೆಗೆ ತಗುಲಿದ ನಂಜು ಗಡ್ಡೆಗೆ ಇಳಿಯುವುದು ತಪ್ಪುತ್ತದೆ. ಮಣ್ಣಿನೊಳಗೆ ಗಡ್ಡೆಯ ಸಿಪ್ಪೆಯೂ ಬಲಿಯುತ್ತದೆ.

ಪರೀಕ್ಷೆಯ ಹಂತಗಳು

1966ರ ಬೀಜ ಅಧಿನಿಯಮದ ಮೇರೆಗೆ ರಾಜ್ಯಗಳಲ್ಲಿ ಪ್ರಮಾಣೀಕರಣ ಸಂಸ್ಥೆಗಳು ಕಾರ್ಯನಿರ್ವಹಿಸುತ್ತಿವೆ. ಕರ್ನಾಟಕದ ಸಂಸ್ಥೆ ಬೆಂಗಳೂರಿನಲ್ಲಿಯೂ ತೆಲಂಗಾಣದ ಸಂಸ್ಥೆ ಹೈದರಾಬಾದಿನಲ್ಲಿಯೂ ಇವೆ. ಬೀಜದ ಬೆಳೆಯನ್ನು ಹೊಲದಲ್ಲಿ ಕನಿಷ್ಠ ನಾಲ್ಕು ಬಾರಿ ತಪಾಸಣೆ ಮಾಡಬೇಕೆಂದು ನಿಯಮವಿದೆ. ಮೊದಲೆರಡು ಬಾರಿ ಬೆರಕೆ ಗಿಡಗಳನ್ನೂ ರೋಗಲಕ್ಷಣಗಳನ್ನೂ ಗಮನಿಸಲಾಗುತ್ತದೆ. ಮೂರನೆಯ ಬಾರಿ, ಗೊತ್ತುಪಡಿಸಿದ ದಿನದೊಳಗೆ ಸೊಪ್ಪನ್ನು ಕತ್ತರಿಸಲಾಗಿದೆಯೇ ಎಂದು ನೋಡಲಾಗುತ್ತದೆ. ನಾಲ್ಕನೆಯ ಬಾರಿ, ಕತ್ತರಿಸಿದ ಗಿಡ ಮತ್ತೆ ಚಿಗುರಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ಇತರ ಆಲೂಗಡ್ಡೆ ಹೊಲಗಳಿಂದ 5 ಮೀಟರ್ ಅಂತರವಿರಬೇಕು. ಪ್ರಮಾಣಿತ ಬೀಜದ ಬೆಳೆಯಲ್ಲಿ ಹತ್ತು ಸಾವಿರ ಗಿಡಗಳಿಗೆ ಹತ್ತಕ್ಕಿಂತ ಹೆಚ್ಚು ಬೆರಕೆ ಗಿಡಗಳಿರಕೂಡದು. ಮೂಲ ಬೀಜಕ್ಕೆ ಈ ಮಿತಿ ಐದು ಮಾತ್ರ. ನರಹುಲಿ ರೋಗ ಅಥವಾ ಕೋಶ ಜಂತುಹುಳುವಿನ ಸೋಂಕಿರುವ ಭೂಮಿ ಬೀಜೋತ್ಪಾದನೆಗೆ ಸಲ್ಲದು. ಅಗೆದ ಗಡ್ಡೆಗಳಲ್ಲಿ ಅಂಗಮಾರಿ ಮುಂತಾದ ಕೊಳೆಗಳ ಲಕ್ಷಣವಿರುವಂಥವು ನೂರಕ್ಕೆ ಒಂದನ್ನು ಮೀರಬಾರದು. ನೀರೊಸರುವ ಕೊಳೆ ಒಂದು ಗಡ್ಡೆಯಲ್ಲಿಯೂ ಕಾಣಬಾರದು.

ಈ ಎಲ್ಲ ಹಂತಗಳಲ್ಲಿ ತೇರ್ಗಡೆಯಾದ ಬೀಜದ ಚೀಲಕ್ಕೆ ಮಾತ್ರ ಚೀಟಿ ಸಿಗುತ್ತದೆ. ಮೂಲ ಬೀಜಕ್ಕೆ ಬಿಳಿಯ ಚೀಟಿ. ಪ್ರಮಾಣಿತ ಬೀಜಕ್ಕೆ ನೀಲಿಯ ಚೀಟಿ.

ಕೊಳ್ಳುವವರು ಗಮನಿಸಬೇಕಾದುದು

ನಮ್ಮ ಮಾರುಕಟ್ಟೆಗಳಲ್ಲಿ ‘ಜಲಂಧರ್ ಬೀಜ’ ಎಂಬ ಮಾತು ಕೇಳಿಬರುತ್ತದೆ. ಜಲಂಧರ್ ಎಂಬುದು ಊರಿನ ಹೆಸರೇ ಹೊರತು ಗುಣದ ಹೆಸರಲ್ಲ. ಅಡುಗೆಗೆಂದು ಬೆಳೆದ ಗಡ್ಡೆಯೂ ಅದೇ ಊರಿನಿಂದ ಬರಬಹುದು. ಪ್ರಮಾಣೀಕರಣವು ಕಡ್ಡಾಯವಲ್ಲದ ಕಾರಣ ಚೀಟಿಯಿಲ್ಲದ ಗಡ್ಡೆಯೂ ಬಿತ್ತನೆಗೆ ಮಾರಾಟವಾಗುತ್ತದೆ. ಆಲೂಗಡ್ಡೆ ಬೇಸಾಯದ ಖರ್ಚಿನಲ್ಲಿ ಬೀಜದ್ದೇ ದೊಡ್ಡ ಪಾಲು. ಅಲ್ಲಿ ಮೋಸಹೋದರೆ ಗೊಬ್ಬರ, ಔಷಧಿಗಳಿಂದ ಆ ನಷ್ಟ ತುಂಬಿಬರುವುದಿಲ್ಲ. ಆದುದರಿಂದ ಬೀಜ ಬೆಳೆದ ರಾಜ್ಯದ ಪ್ರಮಾಣೀಕರಣ ಸಂಸ್ಥೆಯ ಚೀಟಿ, ತಳಿಯ ಹೆಸರು, ತಂಡದ ಸಂಖ್ಯೆ ಹಾಗೂ ವಾಯಿದೆಯನ್ನು ಓದಿ ನೋಡಿಯೇ ಹಣ ಕೊಡುವುದು ಕ್ಷೇಮ. ಚೀಟಿಯನ್ನೂ ರಸೀದಿಯನ್ನೂ ಬೆಳೆ ಕೈಸೇರುವವರೆಗೆ ಕಾಪಾಡಿಕೊಳ್ಳಬೇಕು. ದೂರು ಕೊಡುವ ಸಂದರ್ಭ ಬಂದರೆ ಅವೇ ಸಾಕ್ಷಿ.

ಬೆಟ್ಟದ ಬೀಜವೆಲ್ಲ ಶ್ರೇಷ್ಠವೆಂಬ ನಂಬಿಕೆಯೂ ಇಂದು ಸರಿಯಲ್ಲ. ನೀಲಗಿರಿಯಲ್ಲಿ 1961ರಲ್ಲಿ ಕೋಶ ಜಂತುಹುಳು ಪತ್ತೆಯಾಯಿತು. ಹಿಮಾಚಲ ಪ್ರದೇಶ ಮುಂತಾದ ಬೆಟ್ಟ ಸೀಮೆಗಳಲ್ಲಿಯೂ ಅದು ಕಂಡುಬಂದುದರಿಂದ 2018ರಲ್ಲಿ ಕೇಂದ್ರ ಸರ್ಕಾರವು ಅಲ್ಲಿಂದ ಬೀಜದ ಗಡ್ಡೆಯ ಸಾಗಾಟವನ್ನು ನಿರ್ಬಂಧಿಸಿತು. ಇಂತಹ ಪೀಡೆಗಳನ್ನು ಗುರುತಿಸಿ ತಡೆಯುವ ಅಧಿಕಾರಿಗಳಿಗೆ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆಯಲ್ಲಿ ತರಬೇತಿ ನೀಡಲಾಗುತ್ತದೆ.

ಚೀಟಿಗೂ ಒಂದು ಮಿತಿಯಿದೆ. ಒಳ್ಳೆಯ ಬೀಜ ತಂದ ಮಾತ್ರಕ್ಕೆ ಬೆಳೆ ಅಂಗಮಾರಿಯಿಂದ ಪಾರಾಗದು. ಮೋಡ ಕವಿದು ಜಡಿಮಳೆ ಹಿಡಿದಾಗ ಆ ರೋಗದ ಕಣಗಳು ಗಾಳಿಯಲ್ಲಿ ನೆರೆಹೊಲದಿಂದಲೂ ಬರುತ್ತವೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿಗಿದ್ದ ನಿರೋಧಶಕ್ತಿಯೂ ಕಾಲಕ್ರಮದಲ್ಲಿ ಕುಗ್ಗಿದೆ. ಸಕಾಲದಲ್ಲಿ ಔಷಧಿ ಸಿಂಪಡಿಸುವುದು, ಗಡ್ಡೆ ಹೋಳುಮಾಡುವ ಚಾಕುವನ್ನು ಆಗಾಗ ಸೋಂಕುನಿವಾರಕದಲ್ಲಿ ಅದ್ದುವುದು ರೈತರ ಹೊಣೆ. ರೋಗವನ್ನು ತಾವೇ ಹಣ ಕೊಟ್ಟು ಹೊಲಕ್ಕೆ ತರದಂತೆ ನೋಡಿಕೊಳ್ಳಲು ಮಾತ್ರ ಈ ಪುಟ್ಟ ಚೀಟಿ ನೆರವಾಗುತ್ತದೆ. ಅದನ್ನು ಕೇಳಿ ಪಡೆಯುವುದು ಕೊಳ್ಳುವವರ ಹಕ್ಕು.