ಪರದೇಶವಾಸದಲ್ಲಿ ಶ್ವಾನಪಾಲನೆ: ಸಾಧಕ-ಬಾಧಕಗಳು

ಉದ್ಯೋಗಕ್ಕಾಗಿಯೋ ವಿದ್ಯೆಗಾಗಿಯೋ ಪರದೇಶಕ್ಕೆ ತೆರಳುವುದು ಈಗ ಅಪೂರ್ವ ಸಂಗತಿಯಾಗಿ ಉಳಿದಿಲ್ಲ. ಅಣ್ಣನೋ ಚಿಕ್ಕಪ್ಪನೋ ಸೋದರಮಾವನೋ ಸಿಂಗಪುರದಲ್ಲಿಯೋ ಜರ್ಮನಿಯಲ್ಲಿಯೋ ನೆಲೆಸಿರುವ ಕನ್ನಡ ಮನೆಗಳು ನಮ್ಮ ಮುಂಬಯಿಯಲ್ಲಿ ಎಷ್ಟೋ ಇವೆ. ನಾಳೆ ನಮ್ಮ ವಾಚಕರಲ್ಲಿಯೇ ಕೆಲವರು ಹಾಗೆ ಹೊರಡಬಹುದು. ಹೊರಡುವವರು ಪೆಟ್ಟಿಗೆಯಲ್ಲಿ ಏನೇನನ್ನು ಇಡಬೇಕೆಂದು ಬಹುವಾಗಿ ಆಲೋಚಿಸುತ್ತಾರೆ. ಆದರೆ ಪೆಟ್ಟಿಗೆಯಲ್ಲಿ ಇಡಲಾಗದ ಜೀವವೊಂದು, ಅಂದರೆ ಸಾಕಿದ ನಾಯಿಯೊಂದು, ಮನೆಯಲ್ಲಿದ್ದರೆ ಏನು ಮಾಡತಕ್ಕದ್ದು? ಅಥವಾ, ಹೋದ ಊರಿನ ಏಕಾಕಿತನವನ್ನು ಕಳೆಯಲು ಅಲ್ಲಿಯೇ ಒಂದು ನಾಯಿಯನ್ನು ತಂದು ಸಾಕುವುದು ಉಚಿತವೇ? ಈ ಪ್ರಶ್ನೆಯ ಎರಡೂ ಮಗ್ಗುಲುಗಳನ್ನು ಇಲ್ಲಿ ಪರಿಶೀಲಿಸೋಣ. ದೇಶದಿಂದ ದೇಶಕ್ಕೆ ಕಟ್ಟಳೆಗಳು ಬೇರೆಯಾಗಿರುವುದರಿಂದ ಜರ್ಮನಿಯನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಅವಶ್ಯವಾದಲ್ಲಿ ಮಾತ್ರ ಇತರ ದೇಶಗಳ ಕಡೆಗೆ ನೋಡುತ್ತೇವೆ.

ಮೊದಲು ಅನುಕೂಲಗಳನ್ನು ಹೇಳುವುದು ನ್ಯಾಯ. ಹೊಸ ದೇಶಕ್ಕೆ ಹೋದವನಿಗೆ ಮೊದಲು ಎದುರಾಗುವ ಕಷ್ಟ ಚಳಿಯೂ ಅಲ್ಲ, ಊಟವೂ ಅಲ್ಲ, ಮಾತನಾಡುವವರಿಲ್ಲದಿರುವುದು. ಬರ್ಲಿನ್ನಿನಂಥ ನಗರದಲ್ಲಿ ಒಂದೇ ಕಟ್ಟಡದಲ್ಲಿ ವಾಸಿಸುವವರು ಕೂಡ ಪರಸ್ಪರ ವಂದಿಸಿ ಮುಂದೆ ಸಾಗುತ್ತಾರೆಯೇ ಹೊರತು ನಿಂತು ಮಾತನಾಡುವುದು ಕಡಿಮೆ. ಆದರೆ ಕೈಯಲ್ಲಿ ನಾಯಿಯ ಹಗ್ಗವಿದ್ದರೆ ಪರಿಸ್ಥಿತಿಯೇ ಬೇರೆ. ನಾಯಿಯ ಹೆಸರೇನು, ವಯಸ್ಸೆಷ್ಟು, ಗಂಡೋ ಹೆಣ್ಣೋ ಎಂದು ಅಪರಿಚಿತರೂ ವಿಚಾರಿಸುತ್ತಾರೆ. ಪ್ರತಿದಿನ ಅದೇ ಹೊತ್ತಿಗೆ ಅದೇ ಉದ್ಯಾನಕ್ಕೆ ಹೋಗುವವರು ಕೆಲವೇ ವಾರಗಳಲ್ಲಿ ಪರಿಚಿತರಾಗುತ್ತಾರೆ. ಪುಸ್ತಕದಿಂದ ಕಲಿತ ಪರಭಾಷೆಯು ನಾಲಗೆಗೆ ಇಳಿಯಲು ಇದಕ್ಕಿಂತ ಸುಲಭವಾದ ಪಾಠಶಾಲೆ ದೊರೆಯಲಾರದು.

ಎರಡನೆಯ ಅನುಕೂಲವೆಂದರೆ ದಿನಚರಿಯ ಶಿಸ್ತು. ಮಳೆಯೇ ಸುರಿಯಲಿ ಹಿಮವೇ ಬೀಳಲಿ, ನಾಯಿಯನ್ನು ಹೊರಗೆ ಕರೆದೊಯ್ಯಲೇ ಬೇಕು. ಅದರ ನೆಪದಲ್ಲಿ ಒಡೆಯನೂ ನಡೆಯುತ್ತಾನೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿಕೊಂಡು ಮನೆಯೊಳಗೇ ಕುಳಿತಿರುವ ಅಭ್ಯಾಸ ಪರದೇಶವಾಸಿಗಳ ಮನಸ್ಸನ್ನು ಕುಗ್ಗಿಸುವುದುಂಟು. ನಾಯಿಯು ಆ ಬಾಗಿಲನ್ನು ದಿನಕ್ಕೆ ಎರಡು-ಮೂರು ಬಾರಿ ತೆರೆಸುತ್ತದೆ. ತಂದೆ-ತಾಯಿಗಳೊಡನೆ ಹೋಗಿ ಹಳೆಯ ಗೆಳೆಯರನ್ನೆಲ್ಲ ಒಮ್ಮೆಗೇ ಕಳೆದುಕೊಂಡ ಮಕ್ಕಳಿಗಂತೂ ಅದು ಭಾಷೆಯ ತೊಡಕಿಲ್ಲದ ಸಂಗಾತಿ. ಅದರೊಡನೆ ಕನ್ನಡದಲ್ಲಿ ಮಾತನಾಡಿದರೂ ನಡೆಯುತ್ತದೆ.

ಮೂರನೆಯದಾಗಿ, ಕೆಲವು ದೇಶಗಳ ವ್ಯವಸ್ಥೆಯೇ ಶ್ವಾನಪಾಲನೆಗೆ ಒತ್ತಾಸೆಯಾಗಿದೆ. ಜರ್ಮನಿಯಲ್ಲಿ ನಾಯಿಯು ರೈಲಿನಲ್ಲಿ ಒಡೆಯನೊಡನೆಯೇ ಪ್ರಯಾಣ ಮಾಡಬಹುದು. ಬುಟ್ಟಿಯಲ್ಲಿ ಹಿಡಿಸುವ ಸಣ್ಣ ನಾಯಿಗೆ ದರವಿಲ್ಲ. ದೊಡ್ಡದಕ್ಕೆ ಟಿಕೆಟ್ಟು ಕೊಂಡು, ಹಗ್ಗ ಕಟ್ಟಿ, ಬಾಯಿಗೆ ಕುಕ್ಕೆ ಹಾಕಬೇಕು. ಪ್ರಾಣಿಗಳು ಜಡವಸ್ತುಗಳಲ್ಲವೆಂದು ಅಲ್ಲಿನ ನಾಗರಿಕ ಸಂಹಿತೆ ೧೯೯೦ರಿಂದ ಸಾರುತ್ತಿದೆ. ೨೦೦೨ರಲ್ಲಿ ಪ್ರಾಣಿರಕ್ಷಣೆಯು ಅವರ ಸಂವಿಧಾನದಲ್ಲಿಯೇ ಸೇರಿತು. ಬಾಡಿಗೆಯ ಕರಾರಿನಲ್ಲಿ ನಾಯಿ-ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವ ಷರತ್ತು ಸಲ್ಲದೆಂದು ಅಲ್ಲಿನ ಉಚ್ಚತಮ ನಾಗರಿಕ ನ್ಯಾಯಾಲಯವು ೨೦೧೩ರಲ್ಲಿ ತೀರ್ಪಿತ್ತಿದೆ. ಹಾಗೆಂದು ಯಾವ ನಾಯಿಯನ್ನಾದರೂ ಮನೆಯ ಯಜಮಾನನನ್ನು ಕೇಳದೆ ತರಬಹುದೆಂದು ಅರ್ಥವಲ್ಲ. ಅವನ ಮತ್ತು ನೆರೆಯವರ ಹಿತವನ್ನೂ ತೂಗಿ ನೋಡಬೇಕೆಂಬುದು ಆ ತೀರ್ಪಿನ ತಾತ್ಪರ್ಯ.

ಇನ್ನು ಪ್ರತಿಕೂಲಗಳು. ಪರದೇಶದಲ್ಲಿ ನಾಯಿಯನ್ನು ಸಾಕುವುದು ಖಾಸಗಿ ವಿಷಯವಲ್ಲ. ಅದಕ್ಕೆ ನಗರಾಡಳಿತದ ಲೆಕ್ಕವಿದೆ. ಜರ್ಮನಿಯಲ್ಲಿ ನಾಯಿತೆರಿಗೆಯೆಂಬುದೊಂದುಂಟು. ಪ್ರಶ್ಯ ರಾಜ್ಯದಲ್ಲಿ ೧೮೧೦ರಲ್ಲಿ ಅದು ವಿಲಾಸದ ಮೇಲಿನ ತೆರಿಗೆಯಾಗಿ ಬಂದಿತು. ಈಗ ಪ್ರತಿಯೊಂದು ಊರಾಡಳಿತವೂ ತನ್ನ ದರವನ್ನು ತಾನೇ ಗೊತ್ತುಮಾಡುತ್ತದೆ. ಬರ್ಲಿನ್ನಿನಲ್ಲಿ ಮೊದಲನೆಯ ನಾಯಿಗೆ ವರ್ಷಕ್ಕೆ ೧೨೦ ಯೂರೋ, ಅನಂತರದ ಪ್ರತಿಯೊಂದಕ್ಕೂ ೧೮೦ ಯೂರೋ. ನಾಯಿಯು ಯಾರನ್ನಾದರೂ ಕಚ್ಚಿದರೆ ಅಥವಾ ಸೈಕಲ್ ಸವಾರನನ್ನು ಬೀಳಿಸಿದರೆ ನಷ್ಟ ತೆರುವುದಕ್ಕಾಗಿ ವಿಮೆ ಮಾಡಿಸುವುದು ಅಲ್ಲಿ ಕಡ್ಡಾಯ. ಪಶುವೈದ್ಯರ ಶುಲ್ಕವನ್ನು ಸರಕಾರದ ಆಜ್ಞೆಯೇ ನಿಗದಿಮಾಡುತ್ತದೆ. ೨೦೨೨ರ ನವೆಂಬರಿನಲ್ಲಿ ಅದು ಗಣನೀಯವಾಗಿ ಏರಿತು. ಬೀದಿಯಲ್ಲಿ ನಾಯಿಯು ಮಾಡಿದ ಹೊಲಸನ್ನು ಒಡೆಯನೇ ಚೀಲದಲ್ಲಿ ಎತ್ತಬೇಕು. ಈ ಕೆಲಸಕ್ಕೆ ಆಳನ್ನು ಇಡುವ ಪದ್ಧತಿ ಅಲ್ಲಿಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ನಮ್ಮ ಗಾದೆ ಕೇಳುತ್ತದೆ. ಆದರೆ ರಾತ್ರಿಯ ಹೊತ್ತು ಮೇಲ್ಮಹಡಿಯಲ್ಲಿ ನಾಯಿ ಬೊಗಳಿದರೆ ಕೆಳಗಿನ ಮನೆಯವರು ಖಂಡಿತವಾಗಿ ದೂರು ಕೊಡುತ್ತಾರೆ.

ಹಣಕ್ಕಿಂತ ದೊಡ್ಡ ವೆಚ್ಚ ಕಾಲದ್ದು. ಡಿಸೆಂಬರಿನಲ್ಲಿ ಬರ್ಲಿನ್ನಿನ ಸೂರ್ಯ ಬೆಳಗಿನ ಎಂಟು ಗಂಟೆಯಾದ ಮೇಲೆ ಉದಯಿಸಿ, ಮಧ್ಯಾಹ್ನದ ನಾಲ್ಕರೊಳಗೇ ಅಸ್ತಮಿಸುತ್ತಾನೆ. ಬೆಳಿಗ್ಗೆ ಕಛೇರಿಗೆ ಹೋಗುವ ಮುನ್ನ ಒಮ್ಮೆ, ಸಂಜೆ ಹಿಂದಿರುಗಿದ ಮೇಲೆ ಮತ್ತೊಮ್ಮೆ, ಎರಡು ಸಲವೂ ಕತ್ತಲೆಯಲ್ಲಿಯೇ ನಾಯಿಯೊಡನೆ ನಡೆಯಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಅಜ್ಜ-ಅಜ್ಜಿಯರೋ ನೆರೆಯವರೋ ಒಂದು ಹೊತ್ತು ನೋಡಿಕೊಳ್ಳುತ್ತಾರೆ. ಪರದೇಶದಲ್ಲಿ ಗಂಡ-ಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ನಾಯಿಯು ಎಂಟು-ಹತ್ತು ಗಂಟೆಗಳ ಕಾಲ ಒಂಟಿಯಾಗಿರಬೇಕು. ಒಡೆಯನ ಏಕಾಕಿತನ ಕಳೆಯಲೆಂದು ಬಂದ ಪ್ರಾಣಿಗೆ ಏಕಾಕಿತನವನ್ನು ಕೊಟ್ಟಂತಾಯಿತಲ್ಲವೇ?

ಮುಂಬಯಿಯ ಬಹುಮಹಡಿ ಕಟ್ಟಡಗಳಲ್ಲಿ ಬೆಳೆದ ನಮಗೆ ಸಿಂಗಪುರದ ನಿದರ್ಶನ ಬೇಗನೆ ಅರ್ಥವಾದೀತು. ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಸರಕಾರವು ಕಟ್ಟಿಸಿದ ಮಹಡಿಮನೆಗಳಲ್ಲಿ ವಾಸಿಸುತ್ತಾರೆ. ಅಂಥ ಮನೆಯೊಂದಕ್ಕೆ ಒಂದೇ ನಾಯಿ. ಅದೂ ಪರವಾನಗಿ ಪಡೆದು, ಅನುಮತಿಸಿದ ಸಣ್ಣ ತಳಿಗಳಲ್ಲಿ ಒಂದಾಗಿರಬೇಕು. ಊರಿನಲ್ಲಿ ಅಕ್ಕರೆಯಿಂದ ಬೆಳೆಸಿದ ಲ್ಯಾಬ್ರಡಾರ್ ನಾಯಿಗೆ ಅಲ್ಲಿ ಪ್ರವೇಶವಿಲ್ಲ.

ಇಲ್ಲಿಯ ನಾಯಿಯನ್ನೇ ಜೊತೆಯಲ್ಲಿ ಒಯ್ಯಬೇಕೆಂಬವರು ಇನ್ನೊಂದು ದೊಡ್ಡ ತಡೆಯನ್ನು ದಾಟಬೇಕು. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಸಾವು ಬಹುಮಟ್ಟಿಗೆ ನಿಶ್ಚಿತ. ಮನುಷ್ಯರಿಗೆ ಇದು ತಗಲುವುದು ಹೆಚ್ಚಾಗಿ ನಾಯಿಗಳಿಂದಲೇ. ಜರ್ಮನಿಯು ೨೦೦೮ರಲ್ಲಿ ಈ ಪಿಡುಗಿನಿಂದ ಮುಕ್ತವಾಯಿತು; ಬಾವಲಿಗಳಲ್ಲಿ ಮಾತ್ರ ಅದರ ಸೋಂಕು ಉಳಿದಿದೆ. ಭಾರತದಲ್ಲಿ ರೋಗವು ಇನ್ನೂ ಇರುವುದರಿಂದ ಇಲ್ಲಿಯ ನಾಯಿಗಳನ್ನು ಅವರು ಎಚ್ಚರಿಕೆಯಿಂದ ಪರೀಕ್ಷಿಸುತ್ತಾರೆ.

ಪರೀಕ್ಷೆಯ ಕ್ರಮ ಹೀಗಿದೆ. ಮೊದಲು, ಅಕ್ಕಿಯ ಕಾಳಿನಷ್ಟು ಸಣ್ಣದಾದ ಗುರುತಿನ ಚಿಪ್ಪನ್ನು ನಾಯಿಯ ಚರ್ಮದಡಿಯಲ್ಲಿ ಸೇರಿಸಬೇಕು. ಅದರಲ್ಲಿ ಹದಿನೈದು ಅಂಕಿಗಳ ಸಂಖ್ಯೆಯಿರುತ್ತದೆ. ಆಮೇಲೆ ರೇಬೀಸ್ ಲಸಿಕೆ. ಹನ್ನೆರಡು ವಾರ ತುಂಬದ ಮರಿಗೆ ಹಾಕಿಸಿದ ಲಸಿಕೆಯನ್ನು ಯೂರೋಪಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಸಿಕೆಯ ತರುವಾಯ ಕನಿಷ್ಠ ೩೦ ದಿನ ಕಳೆದ ಮೇಲೆ ರಕ್ತವನ್ನು ತೆಗೆದು, ಅವರು ಮಾನ್ಯಮಾಡಿದ ಪ್ರಯೋಗಶಾಲೆಗೆ ಕಳುಹಿಸಬೇಕು. ರೋಗನಿರೋಧಕ ಶಕ್ತಿ ಸಾಕಷ್ಟಿದೆಯೆಂದು ತೇರ್ಗಡೆಯಾದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಲೆಕ್ಕ ಹಾಕಿದರೆ ನಮ್ಮ ಮರಿಯು ಯೂರೋಪಿನ ನೆಲವನ್ನು ಮುಟ್ಟುವಾಗ ಸುಮಾರು ಏಳು ತಿಂಗಳಿನದಾಗಿರುತ್ತದೆ.

ತೇರ್ಗಡೆಯಾದ ಮೇಲೂ ಕಾಯಿಸುವುದೇಕೆ ಎಂದು ಕೇಳಬಹುದು. ರೇಬೀಸ್ ವಿಷಾಣುವು ಕಚ್ಚಿದ ಗಾಯದಿಂದ ನರಗಳ ಮೂಲಕ ಮೆದುಳಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ರೋಗ ಹೊರಗೆ ಕಾಣಲು ಅನೇಕ ವೇಳೆ ಎರಡು-ಮೂರು ತಿಂಗಳು ಹಿಡಿಯುತ್ತದೆ. ಲಸಿಕೆಗೆ ಮುಂಚೆಯೇ ನಾಯಿಗೆ ಸೋಂಕು ತಗಲಿದ್ದರೆ ಈ ಅವಧಿಯಲ್ಲಿ ಅದು ಬಹುತೇಕ ಹೊರಬೀಳುತ್ತದೆ. ಇಂಗ್ಲೆಂಡಿನವರು ಹಿಂದೆ ಪರದೇಶದ ನಾಯಿಗಳನ್ನು ಆರು ತಿಂಗಳು ದಿಗ್ಬಂಧನದಲ್ಲಿ ಇಡುತ್ತಿದ್ದುದೂ ಈ ಕಾರಣಕ್ಕೇ. ಆ ಕಟ್ಟಳೆಯನ್ನು ಪಶ್ಚಿಮ ಯೂರೋಪಿನ ನಾಯಿಗಳಿಗೆ ೨೦೦೦ದಲ್ಲಿ ಸಡಿಲಿಸಿದರು. ಭಾರತದಂಥ ದೇಶಗಳ ನಾಯಿಗಳಿಗೆ ೨೦೧೨ರಲ್ಲಿ. ಜಪಾನಿನವರು ರಕ್ತಪರೀಕ್ಷೆಯ ಬಳಿಕ ೧೮೦ ದಿನ ಕಾಯಿಸುತ್ತಾರೆ. ಆಸ್ಟ್ರೇಲಿಯವು ಭಾರತದಿಂದ ನೇರವಾಗಿ ನಾಯಿಯನ್ನು ತರಗೊಡುವುದೇ ಇಲ್ಲ. ಅಲ್ಲಿನ ಕಟ್ಟುನಿಟ್ಟು ಎಂಥದೆಂದರೆ, ೨೦೧೫ರಲ್ಲಿ ಅಮೆರಿಕದ ಚಿತ್ರನಟ ಜಾನಿ ಡೆಪ್ ಅವರ ಎರಡು ಪುಟ್ಟ ನಾಯಿಗಳು ಅನುಮತಿಯಿಲ್ಲದೆ ವಿಮಾನದಲ್ಲಿ ಬಂದುವೆಂದು ತಿಳಿದೊಡನೆ, ಅವನ್ನು ಹಿಂದಕ್ಕೆ ಕಳುಹಿಸದಿದ್ದರೆ ಕೊಲ್ಲಿಸಲಾಗುವುದೆಂದು ಮಂತ್ರಿಗಳೇ ಎಚ್ಚರಿಕೆ ಕೊಟ್ಟರು. ನಾಯಿಗಳು ಮರಳಿ ಪ್ರಯಾಣ ಮಾಡಿ ಜೀವ ಉಳಿಸಿಕೊಂಡುವು.

ವಿಮಾನಯಾನವೂ ನಾಯಿಗೆ ಸುಖಕರವಲ್ಲ. ತೀರ ಸಣ್ಣ ನಾಯಿಗಳನ್ನು ಕೆಲವು ವಿಮಾನ ಸಂಸ್ಥೆಗಳು ಒಡೆಯನ ಬಳಿಯಲ್ಲಿಯೇ ಬಿಡುತ್ತವೆ. ಉಳಿದವು ಕೆಳಗಿನ ಸರಕಿನ ಅಂಕಣದಲ್ಲಿ ಗೂಡಿನೊಳಗೆ ಹೋಗಬೇಕು. ಗೂಡು ನಾಯಿಯು ಎದ್ದು ನಿಲ್ಲಲು, ತಿರುಗಲು, ಮಲಗಲು ಸಾಕಾಗುವಂತಿರಬೇಕೆಂಬುದು ನಿಯಮ. ಪಗ್ ಮೊದಲಾದ ಚಪ್ಪಟೆ ಮೂಗಿನ ತಳಿಗಳಿಗೆ ಮೊದಲೇ ಉಸಿರಾಟ ಕಷ್ಟ. ಬಿಸಿಲು ಮತ್ತು ಗಾಬರಿಯಿಂದ ಅವುಗಳ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ಅನೇಕ ಸಂಸ್ಥೆಗಳು ಅವನ್ನು ಸರಕಿನ ಅಂಕಣದಲ್ಲಿ ಒಯ್ಯಲು ಒಪ್ಪುವುದಿಲ್ಲ.

ಹವೆಯ ವಿಚಾರವನ್ನೂ ಮರೆಯಲಾಗದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ನಮ್ಮ ನಾಡಿನ ಹೆಮ್ಮೆ. ೨೦೦೫ರಲ್ಲಿ ಭಾರತ ಸರಕಾರವು ದೇಶೀ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅದರ ಚಿತ್ರವೂ ಅವುಗಳಲ್ಲಿ ಇದ್ದಿತು. ತೆಳುಮೈ, ಗಿಡ್ಡ ಕೂದಲು, ಬಯಲಿನಲ್ಲಿ ಓಡುವುದಕ್ಕೆಂದೇ ಹೊಂದಿದ ಉದ್ದ ಕಾಲುಗಳು. ಅದನ್ನು ಹಿಮ ಬೀಳುವ ಊರಿನ ಮೂರನೆಯ ಮಹಡಿಯಲ್ಲಿಟ್ಟರೆ ಮೈಗೆ ಬೆಚ್ಚನೆಯ ಅಂಗಿಯನ್ನೇನೋ ತೊಡಿಸಬಹುದು; ಓಡುವ ಬಯಲನ್ನು ಎಲ್ಲಿಂದ ತರುವುದು? ಹಾಗೆಯೇ, ದಟ್ಟವಾದ ಕೂದಲಿನ ಹಸ್ಕಿಯನ್ನು ಅಲ್ಲಿಂದ ನಮ್ಮ ಮುಂಬಯಿಯ ಮೇ ತಿಂಗಳ ಸೆಕೆಗೆ ತರುವುದೂ ಹಿಂಸೆಯೇ.

ಈ ಮಾತು ನಮ್ಮನ್ನು ಎಲ್ಲಕ್ಕಿಂತ ಗಹನವಾದ ಪ್ರಶ್ನೆಗೆ ತರುತ್ತದೆ: ಹಿಂದಿರುಗುವ ದಿನ. ತೆರಿಗೆ, ವಿಮೆ, ರಕ್ತಪರೀಕ್ಷೆಗಳೆಲ್ಲ ಹಣದಿಂದಲೂ ತಾಳ್ಮೆಯಿಂದಲೂ ನೀಗುವಂಥವು. ಆದರೆ ನಾಯಿಯ ಆಯುಷ್ಯ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಪರದೇಶದ ಉದ್ಯೋಗದ ಕರಾರಾದರೋ ಅನೇಕ ವೇಳೆ ಎರಡು-ಮೂರು ವರ್ಷದ್ದು. ಕರಾರು ಮುಗಿದಾಗ ನಾಯಿಯು ಇನ್ನೂ ಪ್ರಾಯದಲ್ಲಿಯೇ ಇರುತ್ತದೆ. ಆಗ ಅದನ್ನು ಸ್ವದೇಶಕ್ಕೆ ತರಲು ಭಾರತದ ಪ್ರಾಣಿ ದಿಗ್ಬಂಧನ ಕಛೇರಿಯ ನಿರಾಕ್ಷೇಪಣಾ ಪತ್ರ ಬೇಕು, ಆ ದೇಶದ ಸರಕಾರಿ ಪಶುವೈದ್ಯರ ಪ್ರಮಾಣಪತ್ರ ಬೇಕು, ಗೂಡು ಬೇಕು, ವಿಮಾನದ ದರ ಬೇಕು. ಇಷ್ಟಾದ ಮೇಲೆ ಇಲ್ಲಿಯ ಮನೆ, ಇಲ್ಲಿಯ ಹವೆ ಅದಕ್ಕೆ ಒಗ್ಗಬೇಕು. ಇದಾವುದೂ ಸಾಧ್ಯವಾಗದವರು ಕೊನೆಯ ವಾರದಲ್ಲಿ ಪರಿಚಿತರನ್ನು ಅಂಗಲಾಚುತ್ತಾರೆ; ಅಲ್ಲಿಯೂ ನಿರಾಶರಾದವರು ಪ್ರಾಣಿಧಾಮದ ಬಾಗಿಲನ್ನು ತಟ್ಟುತ್ತಾರೆ. ನಾಯಿಗೆ ಕರಾರೆಂದರೇನೆಂದು ತಿಳಿಯದು. ಒಡೆಯನು ಸಂಜೆ ಬರುವನೆಂದೇ ಅದು ಬಾಗಿಲ ಕಡೆಗೆ ನೋಡುತ್ತಿರುತ್ತದೆ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನಿಗೂ ಇಂಥದೇ ಸಂದರ್ಭ ಒದಗಿತು. ಸ್ವರ್ಗದಲ್ಲಿ ನಾಯಿಗೆ ಸ್ಥಳವಿಲ್ಲವೆಂದು ಇಂದ್ರನು ತಡೆದಾಗ, ನಂಬಿ ಬಂದ ಪ್ರಾಣಿಯನ್ನು ಬಿಟ್ಟು ರಥವನ್ನೇರಲು ಆತ ಒಪ್ಪಲಿಲ್ಲ. ಆತನಿಗೆ ರಾಜ್ಯವೂ ಇರಲಿಲ್ಲ, ಕರಾರೂ ಇರಲಿಲ್ಲ. ಆದುದರಿಂದ ನಿಲ್ಲಲು ಸಾಧ್ಯವಾಯಿತು. ನಮ್ಮಂಥ ಸಾಮಾನ್ಯರಿಗೆ ಉದ್ಯೋಗ, ಸಂಸಾರ, ಪರವಾನಗಿಯ ಅವಧಿ ಎಲ್ಲವೂ ಉಂಟು. ರಥವನ್ನೇರುವ ಹೊತ್ತಿಗೆ ಆಲೋಚಿಸುವುದು ನಮಗೆ ಸಾಲದು. ನಾಯಿಯನ್ನು ಮನೆಗೆ ಕರೆಯುವ ಮುಂಚೆಯೇ ಆಲೋಚಿಸಬೇಕು.

ಹಾಗಾದರೆ ನಮ್ಮ ನಿರ್ಣಯವೇನು? ಪರದೇಶದಲ್ಲಿ ದೀರ್ಘಕಾಲ ನೆಲೆಸುವವರು, ಮನೆಯಲ್ಲಿ ಯಾರಾದರೂ ಇರುವವರು, ಹಿಂದಿರುಗುವಾಗ ನಾಯಿಯನ್ನೂ ಕರೆತರುವ ಶಕ್ತಿಯುಳ್ಳವರು ಧಾರಾಳವಾಗಿ ಸಾಕಬಹುದು; ಅವರಿಗೂ ಅವರ ಮಕ್ಕಳಿಗೂ ಅದರಿಂದ ಲಾಭವೇ. ಇಲ್ಲಿ ಸಾಕಿದ ನಾಯಿಯು ಮುದಿಯಾಗಿದ್ದರೆ ಅಥವಾ ಚಪ್ಪಟೆ ಮೂಗಿನದಾಗಿದ್ದರೆ, ಅದು ಬಲ್ಲ ಬಂಧುಗಳ ಮನೆಯಲ್ಲಿ ಬಿಟ್ಟು ಹೋಗುವುದೇ ದಯೆ. ಎರಡು ವರ್ಷಕ್ಕೆಂದು ಹೋಗುವವರು ಸ್ವಂತ ನಾಯಿಯ ಆಸೆಯನ್ನು ತಡೆಹಿಡಿಯುವುದು ಲೇಸು. ಅಂಥವರಿಗೂ ದಾರಿಯಿಲ್ಲದಿಲ್ಲ. ಬರ್ಲಿನ್ನಿನ ಪ್ರಾಣಿದಯಾಸಂಘವು ೧೮೪೧ರಲ್ಲಿ ಸ್ಥಾಪಿತವಾದುದು. ಅದು ನಡೆಸುವ ಪ್ರಾಣಿಧಾಮವು ಯೂರೋಪಿನ ಅತಿ ದೊಡ್ಡವುಗಳಲ್ಲಿ ಒಂದು. ಜರ್ಮನಿಯ ಅನೇಕ ಪ್ರಾಣಿಧಾಮಗಳಲ್ಲಿ, ಒಡೆಯರಿಲ್ಲದ ನಾಯಿಗಳನ್ನು ತಿರುಗಾಡಿಸಲು ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರೆ. ನೆರೆಮನೆಯ ವೃದ್ಧರ ನಾಯಿಯನ್ನು ಸಂಜೆ ಒಂದು ಸುತ್ತು ಕರೆದೊಯ್ದರೂ ಆದೀತು. ನಡಿಗೆಯ ಆರೋಗ್ಯ, ಜನರ ಪರಿಚಯ, ಭಾಷೆಯ ಅಭ್ಯಾಸ ಎಲ್ಲವೂ ಅದರಿಂದ ದೊರೆಯುತ್ತವೆ. ನಾವು ಊರಿಗೆ ಹೊರಟ ದಿನ ಆ ನಾಯಿಗೆ ತನ್ನ ಮನೆ ಇದ್ದೇ ಇರುತ್ತದೆ.

ಬಾಲಮಿತ್ರರು ಮುಂದೆ ಎಂದಾದರೂ ತಂದೆ-ತಾಯಿಗಳೊಡನೆ ಪರದೇಶಕ್ಕೆ ಹೋದಾಗ, ಅಂಗಡಿಯಲ್ಲಿಯೋ ಉದ್ಯಾನದಲ್ಲಿಯೋ ಮುದ್ದಾದ ಮರಿಯನ್ನು ಕಂಡು ಹಟ ಹಿಡಿಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ನಾವು ಇಲ್ಲಿ ಎಷ್ಟು ವರ್ಷ ಇರುವೆವು? ಹಗಲಿನಲ್ಲಿ ಇದರ ಜೊತೆಗೆ ಯಾರಿರುವರು? ಹಿಂದಿರುಗುವಾಗ ಇದು ಎಲ್ಲಿಗೆ ಹೋಗುವುದು? ಮೂರಕ್ಕೂ ಸ್ಪಷ್ಟವಾದ ಉತ್ತರ ದೊರೆತರೆ ಮರಿಯನ್ನು ಸಂತೋಷದಿಂದ ಮನೆಗೆ ಕರೆತರಬಹುದು.