ಹೆಸರು ಒಬ್ಬರದು, ದಾರಿ ಇನ್ನೊಬ್ಬರದು

ನದಿಯೆಂದರೆ ಹರಿಯಬೇಕು, ಸದ್ದು ಮಾಡಬೇಕು. ಆದರೆ ದಕ್ಷಿಣ ಧ್ರುವದ ಹಾದಿಯಲ್ಲಿ, ಕಣ್ಣಿಗೆ ತಿಳಿಯದಷ್ಟು ಮೆಲ್ಲಗೆ ಸರಿಯುವ ನದಿಯೊಂದುಂಟು. ಅದರ ಮೈಯೆಲ್ಲ ಮಂಜುಗಡ್ಡೆ. ಉದ್ದ ಸುಮಾರು 200 ಕಿಲೋಮೀಟರು. ಅಂಟಾರ್ಕ್ಟಿಕ ಖಂಡದ ನಡುವಣ ಪ್ರಸ್ಥಭೂಮಿಯಿಂದ ಹೊರಟು, ಪರ್ವತಗಳ ಸಾಲನ್ನು ಸೀಳಿ ಇಳಿದು, ಕಡಲ ಮೇಲೆ ತೇಲುವ ರಾಸ್ ಹಿಮಹಾಸನ್ನು ಸೇರುವ ಇದರ ಹೆಸರು ಬಿಯರ್ಡ್‌ಮೋರ್ ಹಿಮನದಿ.

1908ರ ಡಿಸೆಂಬರಿನಲ್ಲಿ ಷ್ಯಾಕಲ್‌ಟನ್ ಮತ್ತು ಅವರ ಮೂವರು ಸಂಗಡಿಗರು ಇದನ್ನು ಮೊದಲು ಕಂಡರು. ಧ್ರುವಕ್ಕೇರಲು ಪ್ರಕೃತಿಯೇ ಕಟ್ಟಿದ ಸೋಪಾನದಂತಿತ್ತು ಅದು. ಆದರೆ ಹಿಮದಡಿ ಅಡಗಿದ್ದ ಬಿರುಕೊಂದು ಅವರ ಬಳಿ ಉಳಿದಿದ್ದ ಒಂದೇ ಕುದುರೆಯನ್ನು ನುಂಗಿತು. ಮುಂದೆ ಗಾಡಿಯನ್ನು ತಾವೇ ಎಳೆದರು. ಧ್ರುವ ಇನ್ನು ಸುಮಾರು 180 ಕಿಲೋಮೀಟರು ಎನ್ನುವಾಗ, ಆಹಾರ ಸಾಲದೆ, 1909ರ ಜನವರಿ 9ರಂದು ಹಿಂದಿರುಗಿದರು.

ಹಾಗಾದರೆ ಬಿಯರ್ಡ್‌ಮೋರ್ ಯಾರು? ಆ ನಾಲ್ವರಲ್ಲಿ ಒಬ್ಬನೂ ಅಲ್ಲ! ಅವರು ಗ್ಲಾಸ್ಗೋ ನಗರದ ಉಕ್ಕು ಮತ್ತು ಹಡಗು ಉದ್ಯಮಿ; ಈ ಯಾತ್ರೆಯ ಸಾಲಕ್ಕೆ ಜಾಮೀನು ನಿಂತವರು. ಹಣವಿಲ್ಲದೆ ಹಡಗು ಹೊರಡದಷ್ಟೆ. 1911ರಲ್ಲಿ ಧ್ರುವವನ್ನು ಮೊದಲು ಮುಟ್ಟಿದ ನಾರ್ವೆಯ ಅಮುಂಡ್ಸೆನ್ ಕೂಡ ತಾನೇರಿದ ಹಿಮನದಿಗೆ ತನ್ನ ಪೋಷಕ ಆಕ್ಸೆಲ್ ಹೈಬರ್ಗ್ ಅವರ ಹೆಸರನ್ನೇ ಇಟ್ಟನು.

ಸ್ಕಾಟ್ ಮತ್ತು ಅವರ ನಾಲ್ವರು ಜೊತೆಗಾರರು ಧ್ರುವದಿಂದ ಸೋತು ಮರಳುವಾಗ ಬಿಯರ್ಡ್‌ಮೋರನ್ನೇ ಇಳಿದರು. 1912ರ ಫೆಬ್ರವರಿ 17ರಂದು ಅದರ ಬುಡದಲ್ಲಿ ಎಡ್ಗರ್ ಇವಾನ್ಸ್ ಪ್ರಾಣಬಿಟ್ಟನು. ಉಳಿದವರೂ ಮನೆ ಸೇರಲಿಲ್ಲ. ಆ ನವೆಂಬರಿನಲ್ಲಿ ಅವರ ಗುಡಾರ ಸಿಕ್ಕಾಗ, ಗಾಡಿಯಲ್ಲಿ ಸುಮಾರು 16 ಕಿಲೋಗ್ರಾಂ ಕಲ್ಲುಗಳಿದ್ದವು. ಹಿಮನದಿಯ ತಲೆಭಾಗದಲ್ಲಿ ಆಯ್ದ ಆ ಹೊರೆಯನ್ನು, ಸಾಯುವ ಹೊತ್ತಿಗೂ ಅವರು ಬಿಸುಟಿರಲಿಲ್ಲ.

ಆ ಕಲ್ಲುಗಳಲ್ಲಿ ಏನಿತ್ತು? ಗ್ಲಾಸಾಪ್ಟೆರಿಸ್ ಎಂಬ ಪ್ರಾಚೀನ ಸಸ್ಯದ ಎಲೆಗಳ ಅಚ್ಚು! ನಮ್ಮ ದೇಶದ ಕಲ್ಲಿದ್ದಲ ಪದರಗಳಲ್ಲಿಯೂ ಇದೇ ಎಲೆ ದೊರೆಯುತ್ತದೆ. ಭಾರತವೂ ಅಂಟಾರ್ಕ್ಟಿಕವೂ ಒಂದು ಕಾಲಕ್ಕೆ ಒಂದೇ ಮಹಾಖಂಡದ ಭಾಗಗಳಾಗಿದ್ದವು ಎಂಬುದಕ್ಕೆ ಅದೊಂದು ಸಾಕ್ಷಿ. ಆ ಮಹಾಖಂಡಕ್ಕೆ ವಿದ್ವಾಂಸರು ಕೊಟ್ಟ ಹೆಸರು ಗೊಂಡ್ವಾನ; ಅದು ಮಧ್ಯ ಭಾರತದ ಗೊಂಡ ಜನರ ನಾಡಿನಿಂದ ಬಂದುದು.

ಭೂಪಟದಲ್ಲಿ ಉಳಿದುದು ಜಾಮೀನು ನಿಂತ ಧನಿಕರ ಹೆಸರು. ಆ ಹಿಮದ ಕಥೆಯನ್ನು ಜಗತ್ತಿಗೆ ತಿಳಿಸಿದುದು ಮಾತ್ರ, ಸಾವಿನ ದಾರಿಯಲ್ಲೂ ಆ ಐವರು ಕೈಬಿಡದ ಕಲ್ಲಿನ ಹೊರೆ.