ರಕ್ತ ನಿಂತಿತೆಂದು ಕೈಬಿಡಬೇಡಿ

ವಯಸ್ಸಾದ ನಾಯಿಯೊಂದು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಹತ್ತು ಕಡೆ ಮೂತ್ರಕ್ಕೆ ನಿಲ್ಲುತ್ತದೆ. ಬರುವುದು ನಾಲ್ಕೇ ಹನಿ, ಅದರಲ್ಲೂ ಕೆಂಪು. ಮೂತ್ರದ ಸೋಂಕೆಂದು ಆ್ಯಂಟಿಬಯಾಟಿಕ್ ಕೊಟ್ಟರೆ ವಾರದಲ್ಲಿ ರಕ್ತ ನಿಲ್ಲುತ್ತದೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಶುರುವಾಗುತ್ತದೆ. ನಾಯಿಗಳ ಮೂತ್ರಕೋಶದ ಕ್ಯಾನ್ಸರ್ ತಿಂಗಳುಗಟ್ಟಲೆ ಅಡಗಿರುವುದು ಈ ನಡುವಿನ ನೆಮ್ಮದಿಯಲ್ಲೇ. ಗಡ್ಡೆಯಿಂದ ಹದಗೆಟ್ಟ ಒಳಪದರದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಯೂರುತ್ತವೆ. ಮಾತ್ರೆ ಅವನ್ನು ನಿಜವಾಗಿಯೂ ಕೊಲ್ಲುತ್ತದೆ, ಗಡ್ಡೆ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಮೊದಲ ಸಲ ಸೋಂಕೆಂದು ಹೇಳಿದ ವೈದ್ಯರದು ತಪ್ಪಲ್ಲ. ಎರಡನೆಯ ಸಲವೂ ಸ್ಕ್ಯಾನ್ ಮಾಡದೆ ಅದೇ ಚೀಟಿ ಬರೆಯುವುದು ತಪ್ಪು. ನಾಯಿಗಳ ಒಟ್ಟು ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ. 2ರಷ್ಟೇ, ಕಲ್ಲು ಮತ್ತು ಸೋಂಕು ಇದಕ್ಕಿಂತ ಎಷ್ಟೋ ಸಾಮಾನ್ಯ, ಸುಮ್ಮನೆ ಹೆದರಿಸುವುದೇಕೆ ಎಂದು ಕೇಳಬಹುದು. ಎಳೆಯ ನಾಯಿಯ ವಿಷಯದಲ್ಲಿ ಈ ಮಾತು ಸರಿ. ಹತ್ತು ವರ್ಷ ದಾಟಿದ ನಾಯಿಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. ತಳಿಯೂ ಲೆಕ್ಕಕ್ಕೆ ಬರುತ್ತದೆ: ಸ್ಕಾಟಿಷ್ ಟೆರಿಯರ್‌ಗೆ ಈ ರೋಗದ ಅಪಾಯ ಮಿಶ್ರತಳಿಗಿಂತ ಸುಮಾರು 20 ಪಟ್ಟು. ನಮ್ಮ ಊರುಗಳಲ್ಲೂ ಸಾಕುವ ಬೀಗಲ್ ಕೂಡ ಅಪಾಯ ಹೆಚ್ಚಿರುವ ತಳಿಗಳ ಸಾಲಿನಲ್ಲಿದೆ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಮಾತ್ರಕ್ಕೆ ರೋಗ ಖಚಿತವಾಗುವುದಿಲ್ಲ; ದೀರ್ಘಕಾಲದ ಉರಿಯೂತದಿಂದ ದಪ್ಪಗಾದ ಗೋಡೆಯೂ ಹಾಗೆಯೇ ಕಾಣಬಹುದು. ಮೂತ್ರದಲ್ಲಿ ಉದುರಿದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಇದೇ ಗೊಂದಲ. ಹೊಟ್ಟೆಯ ಮೂಲಕ ಸೂಜಿ ಚುಚ್ಚಿ ಮೂತ್ರ ತೆಗೆಯುವುದು ಸೋಂಕಿನ ಪರೀಕ್ಷೆಗೆ ಒಳ್ಳೆಯ ಕ್ರಮವೇ, ಆದರೆ ಗಡ್ಡೆಯ ಅನುಮಾನವಿದ್ದಾಗ ಅದನ್ನು ಆದಷ್ಟೂ ಬಿಡಬೇಕು. ಸೂಜಿ ಹೊರಬರುವ ದಾರಿಯಲ್ಲಿ ಉಳಿದ ಒಂದೆರಡು ಜೀವಕೋಶ ಹೊಟ್ಟೆಯ ಗೋಡೆಯಲ್ಲಿ ಹೊಸ ಗಡ್ಡೆ ಬಿತ್ತಬಲ್ಲವು. 2015ರಲ್ಲಿ ಈ ತೊಡಕಿಗೆ ಒಂದು ದಾರಿ ತೆರೆಯಿತು. ಈ ಕ್ಯಾನ್ಸರಿನ ಬಹುಪಾಲು ನಾಯಿಗಳಲ್ಲಿ ಬಿಆರ್‌ಎಎಫ್ ಎಂಬ ಜೀನಿನ ಒಂದೇ ಅಕ್ಷರ ಬದಲಾಗಿರುವುದು ಅಮೆರಿಕದ ಸಂಶೋಧಕರಿಗೆ ಕಂಡಿತು. ಆ ಬದಲಾವಣೆಯಿಂದ ‘ಬೆಳೆ’ ಎಂಬ ಸಂಕೇತ ನಿಲ್ಲದೆ ಹೋಗುತ್ತಲೇ ಇರುತ್ತದೆ. ಇದನ್ನು ಪತ್ತೆಹಚ್ಚಲು ನಾಯಿ ತಾನಾಗಿ ಹೊಯ್ದ ಮೂತ್ರವೇ ಸಾಕು. ಪರೀಕ್ಷೆಗೆ ಮಿತಿಯೂ ಇದೆ: ಆ ಬದಲಾವಣೆ ಇಲ್ಲದ ಗಡ್ಡೆಗಳೂ ಇರುವುದರಿಂದ ಅದು ಸಿಕ್ಕಿದರೆ ಬಲವಾದ ಪುರಾವೆ, ಸಿಗದಿದ್ದರೆ ಕ್ಯಾನ್ಸರ್ ಇಲ್ಲವೆಂದಲ್ಲ. ಆಗ ಮೂತ್ರದ್ವಾರದಿಂದಲೇ ಸಣ್ಣ ಕ್ಯಾಮೆರಾ ಇಳಿಸಿ ಚೂರು ತೆಗೆಯಬೇಕಾಗುತ್ತದೆ.

ವಾಸಿಯಾಗದ ರೋಗವನ್ನು ಇಷ್ಟು ಕಷ್ಟಪಟ್ಟು ಪತ್ತೆಮಾಡಿ ಏನು ಪ್ರಯೋಜನ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಪೂರ್ತಿ ವಾಸಿಯಾಗುವುದು ಅಪರೂಪವೆಂಬುದು ನಿಜ. ಗಡ್ಡೆ ಬಹಳ ಸಲ ಹುಟ್ಟುವುದು ಮೂತ್ರಕೋಶದ ಕೊರಳಲ್ಲಿ. ಕಿಡ್ನಿಗಳಿಂದ ಬರುವ ಎರಡು ನಾಳಗಳು ಒಳಸೇರುವುದೂ ಮೂತ್ರ ಹೊರಡುವುದೂ ಅಲ್ಲೇ ಆದ್ದರಿಂದ ಚಾಕು ಆಡಿಸಲು ಜಾಗವಿರುವುದಿಲ್ಲ. ಆದರೆ ವಾಸಿ ಮತ್ತು ಸಾವುಗಳ ನಡುವೆ ಬೇಕಾದಷ್ಟು ಜಾಗವಿದೆ. ಪಿರಾಕ್ಸಿಕ್ಯಾಮ್ ಮನುಷ್ಯರ ಕೀಲುನೋವಿನ ಹಳೆಯ ಔಷಧ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 34 ನಾಯಿಗಳಿಗೆ ಇದೊಂದನ್ನೇ ಕೊಟ್ಟಿದ್ದರು. 6 ನಾಯಿಗಳ ಗಡ್ಡೆ ಕುಗ್ಗಿತು ಅಥವಾ ಮಾಯವಾಯಿತು, 18ರಲ್ಲಿ ಬೆಳವಣಿಗೆ ತಡೆಯಿತು. ಮೈಟೊಕ್ಸಾಂಟ್ರೋನ್‌ನಂಥ ಕೀಮೊ ಔಷಧ ಜೊತೆಯಾದರೆ ಫಲ ಇನ್ನೂ ಮೇಲು. ಪ್ರಾಣಿಗಳಿಗೆ ಕೊಡುವ ಪ್ರಮಾಣ ಕಡಿಮೆಯಾದ್ದರಿಂದ ಮನುಷ್ಯರು ಪಡುವಷ್ಟು ಯಾತನೆಯೂ ಇರುವುದಿಲ್ಲ. ಸಿಗುವುದು ಕೆಲವು ತಿಂಗಳು, ಅದೃಷ್ಟವಿದ್ದರೆ ಒಂದು ವರ್ಷ. ನಾಯಿಯ ಆಯುಸ್ಸಿನ ಅಳತೆಯಲ್ಲಿ ಅದು ಅಲ್ಪವಲ್ಲ. ತಡವಾಗಿ ಗೊತ್ತಾದರೆ ಈ ಆಯ್ಕೆಗಳೇ ಕೈತಪ್ಪುತ್ತವೆ: ಮೂತ್ರ ಪೂರ್ತಿ ಕಟ್ಟಿಕೊಂಡು ಬಂದ ನಾಯಿಗೆ ಮೊದಲು ದಾರಿ ಮಾಡಬೇಕು, ಉಳಿದದ್ದು ಆಮೇಲೆ. ಹಾಗೆಂದು ಮೆಡಿಕಲ್ ಶಾಪಿನಿಂದ ಪಿರಾಕ್ಸಿಕ್ಯಾಮ್ ತಂದು ನಾವೇ ತಿನ್ನಿಸುವಂತಿಲ್ಲ. ನಾಯಿಗೆ ದಿನದ ಪ್ರಮಾಣ ಕೆಜಿಗೆ ಸುಮಾರು 0.3 ಮಿಲಿಗ್ರಾಂ, ಮನುಷ್ಯರ 20 ಮಿಲಿಗ್ರಾಂ ಕ್ಯಾಪ್ಸೂಲು 30 ಕೆಜಿಯ ಲ್ಯಾಬ್ರಡಾರ್‌ಗೂ ಎರಡು ಪಾಲಿಗಿಂತ ಹೆಚ್ಚು. ಹೊಟ್ಟೆಯಲ್ಲಿ ಹುಣ್ಣಾಗಿ ಮಲ ಕಪ್ಪಗಾದರೆ, ವಾಂತಿಯಾದರೆ ಔಷಧ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಸ್ಟೀರಾಯ್ಡ್ ಜೊತೆ ಇದನ್ನು ಕೊಡಲೇಬಾರದು, ಕಿಡ್ನಿಯ ರಕ್ತಪರೀಕ್ಷೆ ಆಗಾಗ ನಡೆಯುತ್ತಿರಬೇಕು.